ಬಾಲದಲ್ಲಿ ಎರಡು ಎಳೆ

ಹಂಪವ್ವನ ಜೀವಮಾನದ ಕೆಲಸ ಹಕ್ಕಿ ಓಡಿಸುವುದು. ಇರಕಲ್ಲಗಡದ ಹೊಲಗಳಲ್ಲಿ ಜೋಳದ ತೆನೆಗೆ ಹಾಲು ತುಂಬಿತೆಂದರೆ ಆಕೆ ಅಟ್ಟಣಿಗೆ ಏರಿದಳೆಂದೇ ಲೆಕ್ಕ. ಸೊಂಟಕ್ಕೆ ಸುತ್ತಿದ ಕವಣೆ, ಮಡಿಲ ತುಂಬ ಕಲ್ಲು, ಗಂಟಲಲ್ಲಿ ಒಂದು ಕೂಗು. "ಹೋ… ಹಾ! ಹಾಹಾಹಾ!" ಎಂದು ಆಕೆ ಒಮ್ಮೆ ಬಾಯಿ ತೆಗೆದಳೆಂದರೆ ಆಚೆಯ ಮೂರು ಹೊಲ ಕಾಯುವವರು ಮುಸುಕೆಳೆದು ಮಲಗುತ್ತಿದ್ದರು. ಹಂಪವ್ವ ಇದ್ದಾಳಲ್ಲ, ಇನ್ನೇನು ಚಿಂತೆ! ಗಂಡ ಮುದಿಯಪ್ಪ ಮಾತ್ರ ಆ ಕೂಗಿನ ಅರ್ಧ ತನ್ನ ಮೇಲೇ ಖರ್ಚಾಗುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಆದರೆ ಆಕೆಯ ದೊಡ್ಡ ಆಸ್ತಿ ಕೂಗಲ್ಲ, ಕಣ್ಣು. ಹಕ್ಕಿ ಕಾಯುವುದೆಂದರೆ ಕಂಡಕಂಡದ್ದಕ್ಕೆಲ್ಲ ಕಲ್ಲು ಬೀಸುವುದಲ್ಲ. ಹಾಗೆ ಬೀಸಿದರೆ ಮಧ್ಯಾಹ್ನದೊಳಗೆ ತೋಳು ಬಿದ್ದುಹೋಗುತ್ತದೆ. ಆಕಾಶದ ಅಂಚಿನಲ್ಲಿ ಎಳ್ಳುಕಾಳಿನಷ್ಟು ಕಾಣುವಾಗಲೇ ಅದು ಕಾಳು ತಿನ್ನಲು ಬರುವುದೋ, ತನ್ನ ಪಾಡಿಗೆ ಹೋಗುವುದೋ ಗೊತ್ತಾಗಬೇಕು. ಅಷ್ಟು ದೂರಕ್ಕೆ ಬಣ್ಣ ಕಾಣದು, ಕೊಕ್ಕು ಕಾಣದು, ರೆಕ್ಕೆ ಬಡಿಯುವ ರೀತಿಯೊಂದೇ ಕಾಣುತ್ತದೆ. ಹಂಪವ್ವನ ತವರು ಗಂಗಾವತಿಯ ಕಡೆ, ಹೊಳೆದಂಡೆಯ ಹಳ್ಳಿ. ಕೊಟ್ಟದ್ದು ಈ ಒಣಭೂಮಿಯ ಊರಿಗೆ. ಹಾಗಾಗಿ ನೀರಿನ ಹಕ್ಕಿಯೂ ಗೊತ್ತು, ಹೊಲದ ಹಕ್ಕಿಯೂ ಗೊತ್ತು. ಹೆಸರು ಕೇಳಿದರೆ ಮಾತ್ರ ಅರ್ಧಕ್ಕರ್ಧ ತಿಳಿಯದು. ಕೈ ಆಡಿಸಿ ಹೀಗೆ ಹಾರುವುದು, ಹಾಗೆ ಹಾರುವುದು ಎಂದು ತೋರಿಸುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತೊಂಬತ್ತರ ಸಂಕ್ರಾಂತಿ ಕಳೆದ ಮೇಲೆ ಈ ಕಣ್ಣಿಗೆ ಒಬ್ಬ ಗಿರಾಕಿ ಬಂದರು. ಅವರು ಶಾಂತಕ್ಕ, ಕೊಪ್ಪಳದ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ನಲವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ, ತಾಳಿ ಹೋದ ಕೊರಳಲ್ಲಿ ಒಂದು ದುರ್ಬೀನು. ರಜೆಯ ದಿನ ಹಕ್ಕಿ ನೋಡಲು ಹೊಲ ಸುತ್ತುವುದು ಅವರ ಹುಚ್ಚು. ಅಟ್ಟಣಿಗೆಯ ಕೆಳಗೆ ನಿಂತು ದೂರದ ಚುಕ್ಕೆಯೊಂದನ್ನು ತೋರಿಸಿ ಕೇಳಿದರು.

"ಅದೇನು ಬರಾಕತ್ತೈತಿ ಹೇಳವ್ವ?"

"ಬೆಳವನಹಕ್ಕಿ ಐತ್ರಿ."

ಅಕ್ಕೋರು ದುರ್ಬೀನು ತಿರುಗಿಸಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತಿನ ಮೇಲೆ ಹೌದೆಂದು ಒಪ್ಪಿದರು. ಐದು ಸಲ ಹೀಗೇ ಆಯಿತು. ಆರನೆಯ ಸಲ ಅವರು ದುರ್ಬೀನನ್ನೇ ಎತ್ತಲಿಲ್ಲ. ಸೀದಾ ಅಟ್ಟಣಿಗೆ ಏರಿ ಹಂಪವ್ವನ ಪಕ್ಕ ಕೂತು ತಮ್ಮ ಕಥೆ ಹೇಳಿದರು.

ಅವರ ಗಂಡ ಯಂಕೋಬ ಮರ್ಮಗೋವಾ ಬಂದರಿನಲ್ಲಿ ಒಂದು ಹಡಗಿನ ಕಚೇರಿಯ ಗುಮಾಸ್ತ. ಕಾಗದಪತ್ರ ಹಿಡಿದು ಆಗಾಗ ಆಗಬೋಟು ಎಂಬ ಉಗಿಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದ. ಹೋಗುವಾಗ ಬರುವಾಗ ಕಡಲ ಹಕ್ಕಿಗಳನ್ನು ನೋಡಿ ಬರೆದಿಡುತ್ತಿದ್ದ. ಒಂದು ವರ್ಷ ಮೇ ತಿಂಗಳಲ್ಲಿ ಹಡಗಿನ ನಡುಗಂಬವಾದ ಕೂವೆಮರದ ಮೇಲೆ ಒಂದು ಬಿಳಿ ಹಕ್ಕಿ ಬಂದು ಸುತ್ತಿತು. ಅದರ ಬಾಲದಲ್ಲಿ ಮೈಗಿಂತ ಉದ್ದದ ಎರಡು ಎಳೆ. ಇಂಗ್ಲಿಷ್ ಪುಸ್ತಕ ತೆಗೆದು ನೋಡಿದರೆ ಅದು ನಡುಗಡಲಿನ ಹಕ್ಕಿ, ದಂಡೆಯ ಹತ್ತಿರ ಬರುವುದೇ ಅಪರೂಪ. ಯಂಕೋಬ ಹಿಗ್ಗಿ ಮುಂಬಯಿಯ ಒಬ್ಬ ಪಕ್ಷಿ ಪಂಡಿತರಿಗೆ ಬರೆದ. 'ನೀವು ಕಂಡದ್ದು ರೀವ ಇರಬೇಕು. ಪುರಾವೆ ಇದ್ದರೆ ಕಳಿಸಿ' ಎಂದು ಎರಡು ಸಾಲಿನ ಉತ್ತರ ಬಂತು. ಪುರಾವೆಗೆಂದು ಯಂಕೋಬ ಒಂದು ಹಳೆಯ ಕ್ಯಾಮರಾ ಕೊಂಡ. ಮುಂದಿನ ಮೇ ತಿಂಗಳು ಬರುವ ಮೊದಲೇ ಜ್ವರ ಬಂದು ಹೋಗಿಬಿಟ್ಟ.

"ಅದ ಕ್ಯಾಮರಾ ತಗೊಂಡು ಮೂರು ವರ್ಷ ಹೋಗೀನಿ," ಎಂದರು ಶಾಂತಕ್ಕ. "ಬರೇ ಆಕಾಶದ ಫೋಟೋ ತಂದೀನಿ. ರೀವ ಅಂದ್ರ ನಿಮ್ಮ ಹೊಳಿ ಹಕ್ಕಿ, ಕತ್ರಿ ಬಾಲದ್ದು. ಅದೂ ಬೆಳ್ಳಗ, ಇದೂ ಬೆಳ್ಳಗ. ದೂರದಿಂದ ನನಗ ಎರಡೂ ಒಂದ ಕಾಣತಾವ."

"ಒಂದ ಹೆಂಗ ಕಂಡಾವ್ರಿ ಅಕ್ಕೋರ? ಹಾರೂದು ಬ್ಯಾರೆ ಇರತೈತಿ."

"ಅದನ್ನ ಹೇಳವ್ರು ನನಗ ಬೇಕಾಗ್ಯಾರ. ಈ ವರ್ಷ ತಪ್ಪಿದ್ರ ಮುಗೀತು, ಹಂಪವ್ವ. ಲಡಾಯಿ ಹತ್ತತೈತಿ ಅಂತ ಎಲ್ಲಾರೂ ಅಂತಾರ. ಹತ್ತಿದ್ರ ಹಡಗದ ಮ್ಯಾಲ ಕ್ಯಾಮರಾ ಹಿಡಿಯಾಕ ಯಾರೂ ಬಿಡೂದಿಲ್ಲ."

ಮೇ ತಿಂಗಳಲ್ಲಿ ಹೊಲದಲ್ಲಿ ಕೂಳೆ ಬಿಟ್ಟರೆ ಏನಿರುತ್ತದೆ? ಹಂಪವ್ವ ಹೂಂ ಎಂದಳು. ಮುದಿಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಕ್ಕಿ ನೋಡಾಕ ಸಮುದ್ರಕ್ಕ ಹೊಂಟೀಯಾ? ಇಲ್ಲಿನ್ವು ತೀರಿ ಹೋದವೇನ?" ಎಂದ. ನಗುತ್ತಲೇ ಕಟಕರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ ಕೊಪ್ಪಳದ ಸ್ಟೇಷನ್ನಿನವರೆಗೆ ತಾನೇ ಹೊತ್ತು ತಂದ.

ಹೊರಡುವ ಮುನ್ನ ಅಬ್ದುಲಸಾಬನ ಫೋಟೋ ಅಂಗಡಿಯಲ್ಲಿ ಒಂದೊಂದಕ್ಕೆ ಒಂದೇ ಫೋಟೋ ಹಿಡಿಯುವ ಗಾಜಿನ ಪ್ಲೇಟು ತೆಗೆದುಕೊಂಡರು, ಎಂಟು. ಅಬ್ದುಲಸಾಬ ಸುತ್ತಲ ಸೀಮೆಯಲ್ಲೇ ಹೆಸರಾದ ಕೈ. ಮುಖದ ತುಂಬ ಸಿಡುಬಿನ ಕಲೆ ಇದ್ದ ಹುಡುಗಿಯ ಪ್ಲೇಟಿಗೂ ಕೂದಲೆಳೆಯ ಕುಂಚದಿಂದ ಮಸಿ ತುಂಬಿ ಬೆಣ್ಣೆಯಂಥ ಕೆನ್ನೆ ಮಾಡಿಕೊಡುತ್ತಿದ್ದ. ಎಷ್ಟೋ ಮದುವೆ ಅವನ ಕುಂಚದ ಮೇಲೆ ನಿಂತಿದ್ದವು. ನನ್ನ ಕೈಗೆ ಬಂದ ಪ್ಲೇಟು ಕಲೆ ಇಟ್ಟುಕೊಂಡು ಹೊರಗೆ ಹೋಗಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಪಾಪ, ಹೇಳಿಕೊಳ್ಳಬೇಕಾದ ಮಾತೇ ಅದು.

ರೈಲು ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಮರ್ಮಗೋವಾ ಮುಟ್ಟಿತು. ಹಂಪವ್ವ ಸಮುದ್ರ ನೋಡಿದಳು. ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಇಷ್ಟು ದೊಡ್ಡ ಹೊಲ, ಒಂದರ ಅಟ್ಟಣಿಗಿ ಬ್ಯಾಡೇನ್ರಿ?" ಎಂದಳು. ಶಾಂತಕ್ಕ ಅಂದು ಮೊದಲ ಸಲ ನಕ್ಕರು.

ಆಗಬೋಟು ಹೊರಟ ಮೇಲೆ ಹಂಪವ್ವನಿಗೆ ಅಕ್ಕೋರ ಕಷ್ಟ ಏನೆಂದು ಗೊತ್ತಾಯಿತು. ಆ ಕ್ಯಾಮರಾ ಒಂದು ಪೆಟ್ಟಿಗೆ. ಹೊಟ್ಟೆಗೆ ಆನಿಸಿ ಹಿಡಿದು, ಮೇಲಿನ ತೊಗಲಿನ ಗೂಡಿನೊಳಗೆ ಮುಖ ಹುದುಗಿಸಿ, ಕೆಳಗಿನ ಗಾಜಿನಲ್ಲಿ ಬಿಂಬ ನೋಡಬೇಕು. ಒಳಗೆ ಕನ್ನಡಿ ಇರುವುದರಿಂದ ಎಲ್ಲ ಉಲ್ಟಾ. ಹಕ್ಕಿ ಬಲಕ್ಕೆ ಹೋದರೆ ಗಾಜಿನಲ್ಲಿ ಎಡಕ್ಕೆ ಓಡುತ್ತದೆ. ಅಕ್ಕೋರು ಗಾಜನ್ನು ನಂಬಿ ಎಡಕ್ಕೆ ತಿರುಗಿದರೆ ಹಕ್ಕಿ ಮಾಯ. ಹಡಗಿನ ಹಿಂದೆ ಬರುತ್ತಿದ್ದ ರೀವಗಳ ಮೇಲೆ ಮೂರು ಪ್ಲೇಟು ಖರ್ಚು ಮಾಡಿ ಕಲಿಯಲು ನೋಡಿದರು. ಹಂಪವ್ವ ತಡೆಯಲಾರದೆ ಹೇಳಿದಳು.

"ಅಕ್ಕೋರ, ನೀವು ಹಕ್ಕಿ ಇದ್ದಲ್ಲಿ ಹೊಡೀತೀರಿ. ಕಲ್ಲು ಮುಟ್ಟೂದ್ರಾಗ ಅದು ಅಲ್ಲಿ ಇರತೈತೇನ್ರಿ? ಹೊಂಟಲ್ಲಿ ಹೊಡೀಬೇಕು. ಕೈ ತಿರುವಬ್ಯಾಡ್ರಿ, ನಡಾ ತಿರುವ್ರಿ. ಕಲ್ಲು ಬಿಟ್ಟ ಮ್ಯಾಲೂ ನಡಾ ತಿರಗತಾನ ಇರಬೇಕು."

ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ ಪಡುವಣದಿಂದ ಒಂದು ಬಿಳಿ ಚುಕ್ಕೆ ಬಂತು. ಹಂಪವ್ವ ಹಣೆಗೆ ಕೈ ಅಡ್ಡ ಹಿಡಿದಳು. ಹೊಳೆ ಹಕ್ಕಿ ಜೋಕಾಲಿ ಆಡಿದಂತೆ ತೂಗುತ್ತ ಹೋಗುತ್ತದೆ. ಇದು ಪಟಪಟನೆ ಬಿಡುವಿಲ್ಲದೆ ರೆಕ್ಕೆ ಬಡಿಯುತ್ತಿತ್ತು, ಥೇಟು ಪಾರಿವಾಳ. ಕಡಲ ನಡುವೆ ಪಾರಿವಾಳ ಎಲ್ಲಿಂದ ಬರಬೇಕು?

"ಅಕ್ಕೋರ, ಬಂತ್ರಿ! ಹೊಳಿ ಹಕ್ಕಿ ಅಲ್ರಿ ಇದು!"

ಶಾಂತಕ್ಕ ಪೆಟ್ಟಿಗೆ ಎತ್ತಿ ಗೂಡಿನೊಳಗೆ ಮುಖ ಹಾಕಿದರು. ಹಕ್ಕಿ ನೆಟ್ಟಗೆ ಹಡಗಿಗೇ ಬಂತು. ಕೂವೆಮರ ಸುತ್ತಿತು. ಬಾಲದ ಎರಡು ಎಳೆ ಗಾಳಿಯಲ್ಲಿ ತುಯ್ದಾಡುವುದು ಹಂಪವ್ವನ ಕಣ್ಣಿಗೆ ಚೆನ್ನಾಗಿ ಕಂಡಿತು. ಇನ್ನೊಂದು ಸುತ್ತು ಹಾಕಿ, ರೆಕ್ಕೆ ಅರ್ಧ ಮಡಚಿ, ಹಕ್ಕಿ ಕೆಳಗೆ ಇಳಿಯತೊಡಗಿತು. ಇಳಿಯಬಾರದಿತ್ತು! ಇಳಿಯುವ ಹಕ್ಕಿಯನ್ನು ಕಂಡು ಹಂಪವ್ವ ಸುಮ್ಮನೆ ನಿಂತ ದಿನ ಮೂವತ್ತು ವರ್ಷದಲ್ಲಿ ಒಂದೂ ಇರಲಿಲ್ಲ. ಆಕೆಗೆ ಗೊತ್ತಾಗುವ ಮೊದಲೇ ಗಂಟಲು ತನ್ನ ಕೆಲಸ ಮಾಡಿತ್ತು.

"ಹೋ… ಹಾ! ಹಾಹಾಹಾ!"

ಡೆಕ್ಕಿನ ಮೇಲೆ ಮಲಗಿದ್ದವರು ಎದ್ದು ಕೂತರು. ಖಲಾಸಿಯೊಬ್ಬನ ಕೈಯಿಂದ ಬಕೀಟು ಜಾರಿತು. ಹಕ್ಕಿ ಸರಕ್ಕನೆ ಹೊರಳಿ, ಎತ್ತರಕ್ಕೇರಿ, ಬಂದ ದಾರಿ ಹಿಡಿಯಿತು. ಶಾಂತಕ್ಕ ಹುಚ್ಚು ಹಿಡಿದವರಂತೆ ಅದರ ಹಿಂದೆ ಎರಡು ಪ್ಲೇಟು ಹೊಡೆದರು. ಎರಡರಲ್ಲೂ ಏನೂ ಬರುವುದಿಲ್ಲ ಎಂದು ಅವರಿಗೇ ಗೊತ್ತಿತ್ತು. ಗೂಡಿನಿಂದ ಮುಖ ಎತ್ತಿದಾಗ ಅವರ ಕೆನ್ನೆ ಒದ್ದೆಯಾಗಿತ್ತು.

"ಕೆಳಗ ಹೋಗಿ ಕೂಡು, ಹಂಪವ್ವ," ಎಂದರು ಅಷ್ಟೆ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಂಪವ್ವ ಕೆಳಗೆ ಹೋಗಿ ಮೂಟೆಗಳ ನಡುವೆ ಕೂತು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಒಬ್ಬ ಹೆಣ್ಣುಮಗಳು ಸತ್ತ ಗಂಡನ ಮಾತು ಉಳಿಸಲು ನಾಲ್ಕು ವರ್ಷ ಕಾದು ಕೂತಿದ್ದಾಳೆ. ಅದನ್ನು ನಾನು ಒಂದು ಕೂಗಿಗೆ ಓಡಿಸಿಬಿಟ್ಟೆನಲ್ಲ ಎಂದುಕೊಂಡಳು. ಮುಂಬಯಿ ಬಂದದ್ದೂ ಅವಳಿಗೆ ಬೇಕಿರಲಿಲ್ಲ. ಅಷ್ಟು ದೊಡ್ಡ ಊರನ್ನು ಆಕೆ ತಲೆ ಎತ್ತಿ ನೋಡಲಿಲ್ಲ.

ಮಾರನೆಯ ದಿನ ಅದೇ ಹಡಗು ತಿರುಗಿ ಹೊರಡುವುದಿತ್ತು. ಬಂದರಿನ ಕಟ್ಟೆಯ ಮೇಲೆ ಕೂತಾಗ ಶಾಂತಕ್ಕ ಮೆಲ್ಲಗೆ ಕೇಳಿದರು.

"ನಿನಗ ಕಂಡಿತೇನು?"

"ಕಂಡಿತ್ರಿ."

"ಎಳಿ?"

"ಎರಡು, ಅಕ್ಕೋರ. ಬಾಸಿಂಗದ ಎಳಿ ಇದ್ದಂಗ. ನಿಮ್ಮ ಯಜಮಾನ್ರು ಸುಳ್ಳು ಹೇಳಿಲ್ರಿ."

ಶಾಂತಕ್ಕ ಯಾರಿಗೂ ಹೇಳದ ಮಾತು ಹೇಳಿದರು.

"ಅವರು ಮನಿಗೆ ಬಂದು ಈ ಹಕ್ಕಿ ಸುದ್ದಿ ಹೇಳಿದಾಗ ನಾ ರೊಟ್ಟಿ ಬಡಿಯಾಕತ್ತಿದ್ದೆ. ನಕ್ಕೆ. ಯಾರದೋ ಗಾಳಿಪಟ ನೋಡೀರಿ ಅಂದೆ. ಪಂಡಿತರ ಕಾಗದ ಬಂದ ಮ್ಯಾಲ, ನಾ ಹೇಳಲಿಲ್ಲೇನು ಅಂತ ಮತ್ತೂ ನಕ್ಕೆ. ಅವತ್ತಿನಿಂದ ಅವರು ನನ್ನ ಮುಂದ ಹಕ್ಕಿ ಸುದ್ದೀನ ತಗೀಲಿಲ್ಲ. ಸಾಯೂತನಕ ತಗೀಲಿಲ್ಲ, ಹಂಪವ್ವ. ಆ ಪಂಡಿತರು ಯಾರೋ ಏನೋ. ನಾ ಹೇಂತಿ ಆಗಿ ನಂಬಲಿಲ್ಲಲ್ಲ."

ಹಂಪವ್ವ ಗಂಟು ಬಿಚ್ಚಿ ಒಂದು ರೊಟ್ಟಿ ಮುರಿದು ಅವರ ಕೈಗಿಟ್ಟಳು. ಹಡಗು ಹತ್ತಿದವಳೇ ಸೆರಗಿನ ತುದಿಯನ್ನು ಉಂಡೆ ಮಾಡಿ ತನ್ನ ಬಾಯಿಗೆ ತುರುಕಿಕೊಂಡಳು. ಹಗಲೆಲ್ಲ ಅದು ಹಾಗೇ ಇತ್ತು. ಹಲ್ಲುನೋವೆಂದು ತಿಳಿದು ಮುದುಕಿಯೊಬ್ಬಳು ಲವಂಗ ಕೊಟ್ಟಳು. ಹಂಪವ್ವ ಅದನ್ನು ಕೈಯಲ್ಲಿ ತೆಗೆದುಕೊಂಡು ಕಣ್ಣಲ್ಲೇ ನಮಸ್ಕಾರ ಹೇಳಿದಳು.

ಮೂರು ಪ್ಲೇಟು ಉಳಿದಿದ್ದವು. ಮಧ್ಯಾಹ್ನ ಹಡಗಿನ ಬಲಕ್ಕೆ ಬಿಳಿ ಹಕ್ಕಿಯೊಂದು ಕಂಡಾಗ ಹಂಪವ್ವ ಅಲ್ಲವೆಂದು ತಲೆ ಅಲ್ಲಾಡಿಸಿದಳು, ಕೈಯಿಂದ ಜೋಕಾಲಿ ತೂಗಿ ತೋರಿಸಿದಳು. ಅಕ್ಕೋರ ಆಸೆ ಕೇಳಲಿಲ್ಲ. ಎರಡು ಪ್ಲೇಟು ಹೊಡೆದೇ ಬಿಟ್ಟರು. ಹತ್ತಿರ ಬಂದರೆ ರೀವ, ಕತ್ತರಿ ಬಾಲ. ಇನ್ನು ಉಳಿದದ್ದು ಒಂದೇ. ಶಾಂತಕ್ಕ ಕ್ಯಾಮರಾ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು.

"ಇನ್ನ ನೀ ಹೇಳಿದಂಗ ಕೇಳತೀನಿ," ಎಂದರು.

ಹಂಪವ್ವ ಬಾಯಿಂದ ಸೆರಗು ತೆಗೆದು ಒಂದೇ ಉಸಿರಿಗೆ ಹೇಳಿದಳು. "ಅದು ಬಂದ್ರ ನೀವು ಆ ಗೂಡಿನ್ಯಾಗ ಮಾರಿ ಹಾಕ್ರಿ, ಆದ್ರ ಗಾಜಿನ ಮಾತು ಕೇಳಬ್ಯಾಡ್ರಿ. ನಾ ಹಿಂದ ನಿಂತು ನಿಮ್ಮ ನಡಾ ಹಿಡೀತೀನಿ. ನಾ ತಿರುವಿದಂಗ ತಿರುಗ್ರಿ. ಬೆನ್ನಿಗೆ ಬಡದಾಗ ಬಿಡ್ರಿ." ಮತ್ತೆ ಸೆರಗು ತುರುಕಿಕೊಂಡಳು. ತನ್ನ ಮಗಳಿಗೆ ಕವಣೆ ಬೀಸಲು ಕಲಿಸಿದ್ದೂ ಆಕೆ ಹೀಗೆಯೇ.

ಬಿಸಿಲು ಇಳಿಯುವ ಹೊತ್ತಿಗೆ, ತೆಳು ಮೋಡದ ಕೆಳಗೆ, ಅದೇ ಬಡಿತ ಮತ್ತೆ ಕಂಡಿತು. ಹಂಪವ್ವನ ಜೀವ ಬಾಯಿಗೆ ಬಂತು, ಆದರೆ ಬಾಯಿಯಲ್ಲಿ ಜಾಗ ಇರಲಿಲ್ಲ. ಅಕ್ಕೋರನ್ನು ಎಬ್ಬಿಸಿ ಹಿಂದಿನಿಂದ ಗಟ್ಟಿಯಾಗಿ ಹಿಡಿದಳು. ಹಕ್ಕಿ ಬಂತು, ಸುತ್ತಿತು. ಇಬ್ಬರು ಹೆಂಗಸರೂ ಒಂದೇ ಮೈಯಾಗಿ ಅದರ ಸಂಗಡ ತಿರುಗಿದರು. ಮೊದಲ ಸುತ್ತು ಬಿಟ್ಟಳು. ಎರಡನೆಯದರಲ್ಲಿ ಅದು ಇಳಿಯತೊಡಗಿತು. ಗಂಟಲಿನಿಂದ ಕೂಗು ಎದ್ದು ಸೆರಗಿಗೆ ಬಡಿದು ಹಿಂದಕ್ಕೆ ಹೋಯಿತು, ಕಣ್ಣಲ್ಲಿ ನೀರು ಬಂತು. ಹಂಪವ್ವ ಅಕ್ಕೋರ ನಡುವನ್ನು ಹಕ್ಕಿಗಿಂತ ಒಂದು ಮೊಳ ಮುಂದಕ್ಕೆ ತಿರುಗಿಸಿ ಬೆನ್ನಿಗೆ ಬಡಿದಳು. ಖಟ್ ಎಂದಿತು ಪೆಟ್ಟಿಗೆ. ಆಮೇಲೂ ಇಬ್ಬರೂ ತಿರುಗುತ್ತಲೇ ಇದ್ದರು. ಖಲಾಸಿಗಳು ಇವರಿಗೆ ದೇವರು ಬಂದಿದೆ ಎಂದುಕೊಂಡರೋ ಏನೋ, ದೂರ ಸರಿದು ನಿಂತರು.

ಸಿಕ್ಕಿತೋ ಇಲ್ಲವೋ ಯಾರಿಗೆ ಗೊತ್ತು? ಪ್ಲೇಟು ಕಪ್ಪು ಪೆಟ್ಟಿಗೆಯೊಳಗೆ ಕೂತು ಕೊಪ್ಪಳದ ತನಕ ಬಂತು. ಶಾಂತಕ್ಕ ಅದನ್ನು ಮಡಿಲಿನಿಂದ ಕೆಳಗೆ ಇಡಲಿಲ್ಲ. ಕೊಪ್ಪಳದಲ್ಲಿ ಇಳಿದವರೇ ಅಬ್ದುಲಸಾಬನ ಕೈಗೆ ಎಲ್ಲ ಪ್ಲೇಟು ಒಪ್ಪಿಸಿದರು. ನಾಳೆ ಬೆಳಿಗ್ಗೆ ಬನ್ನಿ ಎಂದ. ಹಂಪವ್ವ ಊರಿಗೆ ಹೋಗದೆ ಅಕ್ಕೋರ ಮನೆಯ ಪಡಸಾಲೆಯಲ್ಲೇ ಮಲಗಿದಳು.

ಬೆಳಿಗ್ಗೆ ಅಂಗಡಿಗೆ ಹೋದಾಗ ಶಾಂತಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಹಂಪವ್ವ ಒಳಗೆ ಕಣ್ಣು ಹಾಕಿದಳು. ಅಬ್ದುಲಸಾಬ ಬಾಗಿಲಿಗೆ ಬೆನ್ನು ಹಾಕಿ, ಕಿಟಕಿಯ ಬೆಳಕಿಗೆ ಒಂದು ಪ್ಲೇಟು ನಿಲ್ಲಿಸಿಕೊಂಡು ಕೂತಿದ್ದ. ನಾಲ್ಕು ಮಾರು ದೂರ. ಗಾಜಿನ ಮೇಲೆ ಕಪ್ಪು ಬಿಳುಪು ಅದಲುಬದಲಾಗಿ ಆಕಾಶವೆಲ್ಲ ಕಪ್ಪು, ನಡುವೆ ಮೋಡದ ಬೆಳಕಿಗೆ ನೆರಳಾಗಿ ಬಿದ್ದ, ಹೆಬ್ಬೆರಳ ಉಗುರಿನಷ್ಟು ಹಕ್ಕಿ. ಅದರ ಹಿಂದೆ ಕೂದಲಿನಷ್ಟು ತೆಳ್ಳಗೆ, ಬೆಳಕು ಹಾಯುವ ಎರಡು ಗೆರೆ. ಅಬ್ದುಲಸಾಬ ಕುಂಚಕ್ಕೆ ಮಸಿ ಅದ್ದಿ, ಉಸಿರು ಬಿಗಿಹಿಡಿದು, ಆ ಗೆರೆಗಳ ಕಡೆಗೆ ಇಳಿಸುತ್ತಿದ್ದ. ಥೇಟು ತೆನೆಯ ಮೇಲೆ ಇಳಿಯುವ ಹಕ್ಕಿ.

"ಹೋ… ಹಾ! ಹಾಹಾಹಾ!"

ಕುಂಚ ಹಾರಿ ಗೋಡೆಗೆ ಬಡಿಯಿತು. ಎದುರಿನ ಅಂಗಡಿಯವರು ಓಡಿ ಬಂದರು. ಅಬ್ದುಲಸಾಬ ಎದೆ ಹಿಡಿದುಕೊಂಡು "ಯಾ ಅಲ್ಲಾ!" ಎಂದು ಕುರ್ಚಿಗೆ ಒರಗಿದ.

"ಏನಾತವ್ವಾ ನಿನಗ? ಎಂಟರಾಗ ಇದೊಂದ ಛಲೋ ಬಂದೈತಿ. ಅದರ ಮ್ಯಾಲೂ ಎರಡು ಗೀರು ಬಿದ್ದಾವ. ಅಕ್ಕೋರು ಬರೂದ್ರಾಗ ತುಂಬಿಬಿಡೋಣ ಅಂತಿದ್ದೆ."

"ಗೀರಲ್ರೀ ಸಾಬ್ರ! ಬಾಲ! ಅದು ಅದರ ಬಾಲ!" ಎಂದು ಹಂಪವ್ವ ಅಳುತ್ತ ನಗುತ್ತ ಕೂಗಿದಳು.

ಶಾಂತಕ್ಕ ಒಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ಒಳಗೆ ಬಂದರು. ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಗೆ ಎತ್ತಿದರು. ಹಡಗಿನ ಮೇಲೆ ಮುಖ ಗೂಡಿನೊಳಗೇ ಇದ್ದುದರಿಂದ, ಇಷ್ಟು ವರ್ಷದಲ್ಲಿ ಆ ಹಕ್ಕಿಯನ್ನು ಅವರು ಕಣ್ಣಾರೆ ನೋಡಿದ್ದು ಇದೇ ಮೊದಲು. ಅಂಗಡಿಯಲ್ಲಿ ಅಷ್ಟು ಜನ ಇದ್ದರೂ ಅವರಿಗೆ ಯಾರೂ ಕಾಣಲಿಲ್ಲ.

"ಖರೇ ಹೇಳಿದ್ರಿ," ಎಂದರು, ಪಕ್ಕದಲ್ಲಿ ನಿಂತವರಿಗೆ ಹೇಳುವಷ್ಟು ಸಣ್ಣ ದನಿಯಲ್ಲಿ. "ತಪ್ಪಾತ್ರಿ. ಖರೇನ ಹೇಳಿದ್ರಿ ನೀವು."

ಅಬ್ದುಲಸಾಬ ಕುಂಚ ಹುಡುಕಲು ಹೋಗಲಿಲ್ಲ.

ಪ್ಲೇಟಿನ ಪ್ರತಿ ಮುಂಬಯಿಗೆ ಹೋಯಿತು. ಸಂಗಡ ಶಾಂತಕ್ಕ ಬರೆದ ಕಾಗದದಲ್ಲಿ ಮೊದಲು ನೋಡಿದವರು ಯಂಕೋಬ, ಗುರುತು ಹಿಡಿದವಳು ಹಂಪವ್ವ ಎಂದು ಇತ್ತು, ರೀವಕ್ಕೂ ಇದಕ್ಕೂ ರೆಕ್ಕೆಯ ಬಡಿತದಲ್ಲಿ ಇರುವ ಅಂತರವೂ ಇತ್ತು. ಶ್ರಾವಣದಲ್ಲಿ ಉತ್ತರ ಬಂತು. ಈ ಸಲ ಎರಡು ಸಾಲಲ್ಲ, ನಾಲ್ಕು ಪುಟ. ಅದಾಗಿ ಸ್ವಲ್ಪ ದಿನಕ್ಕೆ ಲಡಾಯಿಯೂ ಹತ್ತಿತು.

ಮುಂದಿನ ಜೋಳಕ್ಕೆ ಹಾಲು ತುಂಬಿದಾಗ ಶಾಂತಕ್ಕ ಇರಕಲ್ಲಗಡಕ್ಕೆ ಬಂದು ಅಟ್ಟಣಿಗೆ ಏರಿದರು. ಕಾಗದ ಬಂದ ಸುದ್ದಿ ಹಂಪವ್ವನಿಗೆ ಮುಟ್ಟಿತ್ತು.

"ಆ ಪಂಡಿತ್ರು ಏನು ಬರದಾರ್ರಿ, ಅಕ್ಕೋರ?"

ಶಾಂತಕ್ಕ ದುರ್ಬೀನು ಒರೆಸುತ್ತ ಹೇಳಿದರು. "ರೀವ ಅಲ್ಲ ಅಂತ ಅವರಿಗೂ ಗೊತ್ತಾತಂತ."